ಗಾಜಿನ ಹೊಟ್ಟೆ

ಬೆಳಿಗ್ಗೆ ಆರಕ್ಕೆ ಥರ್ಮಾಸು ಹಿಡಿದು ಬರುತ್ತಾನೆ ಝರಣಪ್ಪ.
ಅದರ ಮೇಲೊಂದು ಚೀಟಿ, ನನ್ನದೇ ಕೈಬರಹ:
‘ಇದು ಚಹಾ ಅಲ್ಲ.’
ಹೋದ ವರ್ಷ ಲೆಕ್ಕಪತ್ರದ ಸಾಹೇಬರೊಬ್ಬರು
ಮುಚ್ಚಳ ತಿರುವಿ ಮೂಗು ಹಿಡಿದುಕೊಂಡ ಮೇಲೆ
ಅಂಟಿಸಿದ್ದು.

ಒಳಗಿರುವುದು ಚಂದ್ರಿಯ ಹೊಟ್ಟೆಯ ರಸ.
ಚಂದ್ರಿ ದೇವಣಿ ತಳಿಯವಳು, ಬಿಳಿ ಮೈ, ಕರಿ ಮೋರೆ,
ಎಡ ಪಕ್ಕೆಯಲ್ಲಿ ರಬ್ಬರಿನ ಬಿರಡೆ ಜಡಿದ ಕಿಟಕಿ.
ಬಿರಡೆ ತೆಗೆದು ಝರಣಪ್ಪ
ಮೊಳಕೈವರೆಗೆ ಕೈ ಇಳಿಸುವಾಗ
ಅವಳು ಬಾಲ ಕೂಡ ಬೀಸುವುದಿಲ್ಲ,
ಮನೆಯವರೇ ಬಾಗಿಲು ತೆರೆದು ಒಳಬಂದ ಹಾಗೆ.

ಕಮಠಾಣದ ಈ ಕೋಣೆಯಲ್ಲಿ ನಾನು
ಅವಳ ಹೊಟ್ಟೆಯ ನಕಲು ಮಾಡುತ್ತೇನೆ.
ನಾಲ್ಕು ಪದರ ಮಲ್‌ಮಲ್ ಬಟ್ಟೆಯಲ್ಲಿ ಸೋಸಿ
ಮೂವತ್ತೊಂಬತ್ತು ಡಿಗ್ರಿಯ ತೊಟ್ಟಿಯಲ್ಲಿ ಸೀಸೆ ಕೂರಿಸಿ
ಹೊರಗಿನ ಗಾಳಿ ಸೋಕದಂತೆ ಬಿಗಿದು.
ಎಂಜಲನ್ನೂ ನಾನೇ ತಯಾರಿಸುತ್ತೇನೆ:
ಸೋಡಾ, ಉಪ್ಪು, ಚೂರು ರಂಜಕ.
ಎಂಜಲು ಮಾಡುವುದೇ ನನ್ನ ಸಂಬಳದ ಕೆಲಸ ಎಂದಾಗ
ಹುಮನಾಬಾದಿನ ನಮ್ಮಜ್ಜಿ
ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದಳು.

ಹೊಟ್ಟೆಗೆ ಹೊಟ್ಟು: ತೊಗರಿಯದು, ಅರ್ಧ ಗ್ರಾಮು.
ಒಂದಿಷ್ಟು ಜೋಳದ ಕಣಿಕೆಯ ಪುಡಿ.
ಆಮೇಲೆ ಕಾಯುವುದು.
ಒಂದು ಹನಿಯಲ್ಲಿ ಎಷ್ಟೋ ಕೋಟಿ ಜೀವ.
ಕೆಲವು ಮೈತುಂಬ ರೋಮ ಬೀಸಿ ಹುಟ್ಟು ಹಾಕುತ್ತವೆ,
ಕೆಲವು ನಾರಿಗೆ ಕಚ್ಚಿಕೊಂಡು ಮಾತಿಲ್ಲದೆ ಕರಗಿಸುತ್ತವೆ.
ಹಸು ಹೋಗಿ ಸೀಸೆ ಬಂತೆಂದು
ಅವುಗಳಲ್ಲಿ ಒಂದಕ್ಕೂ ಗೊತ್ತಿಲ್ಲ.
ಗುಳ್ಳೆ ಏಳುತ್ತದೆ. ಸಿರಿಂಜಿನ ದಂಡ ತಾನೇ ಮೇಲೆ ಸರಿಯುತ್ತದೆ.
ಕಂಪ್ಯೂಟರಿನಲ್ಲಿ ಗೆರೆ ಏರಿ, ಬಾಗಿ,
ಗುಡ್ಡ ಹತ್ತಿದವರಂತೆ ಮಟ್ಟಸವಾಗಿ ಕೂರುತ್ತದೆ.
ನನ್ನ ಸಮೀಕರಣದಲ್ಲಿ ಆರು ಅಕ್ಷರ,
ಆರೂ ಗ್ರೀಕರವು.

ಎಳ್ಳ ಅಮಾವಾಸ್ಯೆಯ ಮೂರನೇ ದಿನ ಗೆರೆ ತಪ್ಪಿತು.
ಸಮೀಕರಣ ನಲವತ್ತೆರಡು ಎಂದಿತ್ತು,
ಗಾಜು ಇಪ್ಪತ್ತೊಂಬತ್ತಕ್ಕೇ ನಿಂತಿತು.
ತಕ್ಕಡಿ ನೋಡಿದೆ. ಉಷ್ಣಮಾಪಕ ಬದಲಿಸಿದೆ.
ಎಂಜಲನ್ನು ಚೆಲ್ಲಿ ಹೊಸದಾಗಿ ಮಾಡಿದೆ.
ಇಪ್ಪತ್ತೆಂಟು.

ಝರಣಪ್ಪ ಬಾಗಿಲಲ್ಲೇ ನಿಂತಿದ್ದ.
‘ಮಿಷನ್‌ಗ ಏನೂ ಆಗಿಲ್ರಿ ಮೇಡಂ.
ಚಂದ್ರಿ ಮೆಲಕ ಹಾಕ್ಲತ್ತಿಲ್ಲ.
ಅಕಿ ಕರಾ ಆಚಿ ಶೆಡ್ಡಿಗಿ ಒಯ್ದಾರಲ್ಲ,
ಎರಡ ದಿನಾ ಆಯ್ತು, ಬರೇ ಆ ಕಡಿನೇ ನೋಡ್ಲತ್ತಾಳ.’
ಮೊದಲೇ ಯಾಕೆ ಹೇಳಲಿಲ್ಲ ಎಂದೆ.
‘ನೀವ್ ಹೊಟ್ಟಿದ್ ಕೇಳ್ತಿದ್ರಿ,
ಹಸುಂದ್ ಎಲ್ಲಿ ಕೇಳಿದ್ರಿ?’

ಹೋಗಿ ಕೊಟ್ಟಿಗೆಯಲ್ಲಿ ಕೂತೆ.
ಮೇವು ಮುಟ್ಟಿದ್ದಳು, ಅಷ್ಟೇ. ದವಡೆ ಕಲ್ಲಿನಂತೆ ನಿಂತಿತ್ತು.
ನಮ್ಮ ಮಾತಿನಲ್ಲಿ ನೆನಪಿಗೂ ಮೆಲುಕೇ:
ಹೋದವರನ್ನು, ಹೋದ ಕಾಲವನ್ನು
ಬಾಯಿಗೆ ಮರಳಿ ತಂದುಕೊಂಡು ಅಗಿಯುತ್ತೇವೆ.
ಆ ಮಾತನ್ನು ಕೊಟ್ಟವಳು ಮಾತ್ರ
ನೆನಪು ಬಂದರೆ
ಮೆಲುಕು ನಿಲ್ಲಿಸುತ್ತಾಳೆ.

ಸಮೀಕರಣಕ್ಕೆ ಏಳನೆಯ ಅಕ್ಷರ ಸೇರಿಸಿದೆ, ಝ ಎಂದು.
ಅದರ ಅಳತೆ ಹೇಗೆಂದು ಇನ್ನೂ ತಿಳಿದಿಲ್ಲ,
ಗ್ರಾಮಿನಲ್ಲೋ, ಗಂಟೆಯಲ್ಲೋ, ಎರಡು ಶೆಡ್ಡುಗಳ ನಡುವಿನ ಮಾರಿನಲ್ಲೋ.
ಮುದ್ರಣ ಯಂತ್ರಕ್ಕೆ ಕನ್ನಡ ಬರುವುದಿಲ್ಲ.
ಝ ಇರಬೇಕಾದಲ್ಲೆಲ್ಲ
ಹಾಳೆಯ ತುಂಬ ಖಾಲಿ ಚೌಕಗಳು,
ಬಿರಡೆ ಇಲ್ಲದ ಕಿಟಕಿಗಳು.
ಗೈಡ್ ಸರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
‘ಇದೇನು?’ ಎಂದು ಬರೆದಿದ್ದಾರೆ.
ಉತ್ತರ ಬರೆಯಲು ಕೂತು ಎರಡು ಸಲ ಎದ್ದೆ.

ಕರುವನ್ನು ಶುಕ್ರವಾರ ವಾಪಸು ತಂದು ಕಟ್ಟಿದರು.
ಶನಿವಾರ ಬೆಳಿಗ್ಗೆ ಥರ್ಮಾಸು ಮೇಜಿನ ಮೇಲಿಟ್ಟು
ಝರಣಪ್ಪ ಏನೂ ಹೇಳಲಿಲ್ಲ.
ಅವನ ತೋಳಿನ ಕೂದಲಲ್ಲಿ
ಹೊಟ್ಟಿನ ಒಂದು ಸಿಪ್ಪೆ ಅಂಟಿತ್ತು, ಒದ್ದೆ,
ಇನ್ನೂ ಹಬೆಯಾಡುತ್ತಿತ್ತು.